ಮೂಡಲಿಂದ ಹತ್ತಿ ಬಂದರೆ

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಸುಮಾರು 920. ಅಂದರೆ ಬೆಂಗಳೂರಿನಲ್ಲಿ ಹತ್ತನೇ ಮಹಡಿಯಲ್ಲಿ ಮನೆ ಮಾಡಿದವರು ದಿನಾ ರಾತ್ರಿ ಸಕಲೇಶಪುರದ ಎತ್ತರದಲ್ಲೇ ಮಲಗುತ್ತಾರೆ. ಆದರೂ ಶುಕ್ರವಾರ ಸಂಜೆಯಾದರೆ ನೆಲಮಂಗಲದ ಟೋಲ್‌ನಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಎಲ್ಲರೂ ಬೆಟ್ಟದ ಊರಿಗೆ ಹೊರಟವರು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಬೆಟ್ಟದ ಊರು ಬೆಟ್ಟದ ಊರೆಂದು ಗೊತ್ತಾಗುವುದು ಇಳಿಜಾರಿನಿಂದ. ಸಕಲೇಶಪುರದಲ್ಲಿ ನಿಂತರೆ ಕಾಲ ಬುಡದಲ್ಲೇ ಘಟ್ಟ ಕುಸಿಯುತ್ತದೆ. ಬೆಂಗಳೂರಿನ ಇಳಿಜಾರು ನಿಧಾನದ್ದು, ನೂರಾರು ಕಿಲೋಮೀಟರ್ ಹರಡಿಕೊಂಡದ್ದು. ಮೇಲಾಗಿ ಅದಿರುವುದು ನಾವು ರಜೆಗೆ ಹೋಗುವ ಪಡುವಣ ದಿಕ್ಕಿನಲ್ಲಿ ಅಲ್ಲ, ಮೂಡಣದಲ್ಲಿ. ಮೈಸೂರು, ಹಾಸನ, ತುಮಕೂರಿನ ಕಡೆಯಿಂದ ಬರುವವರಿಗೆ ಬೆಂಗಳೂರು ಬಯಲಿನ ಊರೇ. ಚೆನ್ನೈ ಕಡೆಯಿಂದ ಬರುವವರಿಗೆ ಮಾತ್ರ ಇದು ಮಲೆಯ ಮೇಲಿನ ಪಟ್ಟಣ. ಪೇಟೆಯವರಾದ ನಾವು ‘ದಂಡು’ ಎಂದು ಕರೆದು ದೂರವೇ ಇಟ್ಟುಕೊಂಡು ಬಂದ ಬೆಂಗಳೂರಿನ ಪೂರ್ವಭಾಗವನ್ನು ಕಟ್ಟಿದವರು ಬಹುಪಾಲು ಹಾಗೆ ಹತ್ತಿ ಬಂದವರು.

ಚೆನ್ನೈಯಲ್ಲಿರುವ ಅಕ್ಕನ ಮಗಳು ಸಿವಿಲ್ ಎಂಜಿನಿಯರಿಂಗ್ ಓದುತ್ತಾಳೆ. ಈ ಸಲದ ರಜೆಗೆ ಅವಳದೊಂದೇ ಹಟ: “ಮಾಮ, ಊಟಿ ಬೇಡ, ಕೊಡೈಕೆನಾಲ್ ಬೇಡ. ನೋಡದೇ ಇರೋ ಹಿಲ್ ಸ್ಟೇಷನ್ ತೋರ್ಸಿ.”

“ಬೆಂಗಳೂರಿಗೆ ಬಾ.”

“ಬೆಂಗಳೂರಾ! ಅಲ್ಲಿ ಬೆಟ್ಟ ಎಲ್ಲಿದೆ?”

“ಹತ್ತಿದ ಮೇಲೆ ಹೇಳ್ತೀನಿ.”

ಅಕ್ಕನ ಮನೆಗೆ ಹೋಗಿದ್ದವನು ಅವಳನ್ನೂ ಕರೆದುಕೊಂಡು ಬೆಳಗಿನ ಬೃಂದಾವನ ಎಕ್ಸ್‌ಪ್ರೆಸ್ ಹತ್ತಿದೆ. 1964ರಿಂದ ಓಡುತ್ತಿರುವ ಗಾಡಿ. ಶತಾಬ್ದಿ, ವಂದೇ ಭಾರತ್‌ಗಳು ಬಂದ ಮೇಲೆ ಅವಸರದವರು ಇದನ್ನು ಬಿಟ್ಟಿದ್ದಾರೆ. ಆದರೆ ಕಿಟಕಿಯ ಗಾಜು ತೆರೆಯಲು ಬರುವ ಗಾಡಿಯಲ್ಲಿ ಕೂತರೆ ಮಾತ್ರ ಈ ದಾರಿಯ ಗಾಳಿ ಎಲ್ಲಿ ಬದಲಾಗುತ್ತದೆ ಎಂದು ಮೈಗೆ ಗೊತ್ತಾಗುವುದು. ಕಾಟ್ಪಾಡಿ ದಾಟಿ ಆಂಬೂರು, ವಾಣಿಯಂಬಾಡಿಯ ಹೊತ್ತಿಗೆ ಒಳಗೆ ಬರುವ ಗಾಳಿ ಬಿಸಿಬಿಸಿ. ಚರ್ಮ ಹದಮಾಡುವ ಊರುಗಳ ವಾಸನೆ ಬೇರೆ. ಪಕ್ಕದಲ್ಲಿ ಏಲಗಿರಿ ಬೆಟ್ಟ ಕಾಣಿಸಿತು. “ಅದು ಹಿಲ್ ಸ್ಟೇಷನ್ ಅಂದ್ರೆ!” ಎಂದಳು. ಏಲಗಿರಿಯ ನೆತ್ತಿಯ ಮೇಲಿರುವ ಊರಿಗಿಂತ ಬೆಂಗಳೂರು ಸುಮಾರು ಇನ್ನೂರು ಮೀಟರ್ ಮಾತ್ರ ಕೆಳಗಿದೆ ಎಂದರೆ ನಂಬಲಿಲ್ಲ. ಫೋನಿನಲ್ಲಿ ಎತ್ತರ ತೋರಿಸುವ ಆ್ಯಪ್ ಹಾಕಿಕೊಂಡು ಕೂತಳು.

ಜೋಲಾರಪೇಟೆಯಲ್ಲಿ ಅದು ನಾನೂರರ ಆಸುಪಾಸು ತೋರಿಸಿತು. ಅಲ್ಲಿಂದ ಮುಂದೆ ಪಚ್ಚೂರು, ಮಲ್ಲಾನೂರುಗಳ ನಡುವೆ ಗಾಡಿ ನಿಜವಾಗಿ ಏರುತ್ತದೆ. ಹಳಿ ಬಳಸಿ ಬಳಸಿ ಹೋಗುತ್ತದೆ. ಬಾಗಿಲಲ್ಲಿ ನಿಂತರೆ ನಮ್ಮದೇ ಗಾಡಿಯ ಎಂಜಿನ್ ಎದುರಿಗೆ ಕಾಣುವಂಥ ತಿರುವುಗಳು. ಎರಡೂ ಪಕ್ಕ ಕುರುಚಲು ಕಾಡು, ಬೋಳು ಬಂಡೆ. ಕುಪ್ಪಂ ಬರುವಷ್ಟರಲ್ಲಿ ಆಂಧ್ರಪ್ರದೇಶ. ಅಂಕಿ ಆರುನೂರು ದಾಟಿತ್ತು. ಅಲ್ಲಿಂದ ಬಿಸಾನತ್ತಂ, ಕಾಮಸಮುದ್ರ ಕಳೆದು ಬಂಗಾರಪೇಟೆ. ಒಂದೇ ಬೆಳಿಗ್ಗೆ ಮೂರು ರಾಜ್ಯ, ಮೂರು ಭಾಷೆ. ವಡೆ ಮಾರುವ ಹುಡುಗ ಮಾತ್ರ ಮೂರರಲ್ಲೂ ಅದೇ ರಾಗದಲ್ಲಿ ಕೂಗುತ್ತಿದ್ದ. ಟೇಕಲ್‌ನ ಬಂಡೆಬೆಟ್ಟಗಳು ಹಿಂದೆ ಸರಿಯುವ ಹೊತ್ತಿಗೆ ಅವಳು ಫ್ಯಾನಿನ ಕೆಳಗಿಂದ ಎದ್ದು ಕಿಟಕಿಗೆ ಬಂದಿದ್ದಳು. ಹೊರಗಿನ ಗಾಳಿಯೇ ಸಾಕಾಗಿತ್ತು.

ಈ ದಾರಿಗೆ ರೈಲು ಬಂದದ್ದು 1864ರಲ್ಲಿ. ಮದ್ರಾಸ್ ರೈಲ್ವೆಯವರು ಜೋಲಾರಪೇಟೆಯಿಂದ ಕವಲು ತೆಗೆದು ದಂಡಿನವರೆಗೆ ಹಳಿ ಹಾಕಿದರು. ಪೇಟೆಯ ಕಡೆಗೆ, ಈಗಿನ ಮೆಜೆಸ್ಟಿಕ್ಕಿನ ನಿಲ್ದಾಣದವರೆಗೆ, ಅದು ಮುಂದುವರಿಯಲು ಸುಮಾರು ಎರಡು ದಶಕ ಹಿಡಿಯಿತು. ರೈಲು ಯಾರಿಗಾಗಿ ಬಂತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ರೈಲಿಗೂ ಮುಂಚೆ ಈ ಇಳಿಜಾರನ್ನು ಏರಿ ಬಂದದ್ದು ಫಿರಂಗಿ. 1791ರ ಫೆಬ್ರವರಿಯಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಮುಗಳಿ ಕಣಿವೆಯಿಂದ ಸೈನ್ಯ ಹತ್ತಿಸಿ, ಕೋಲಾರ, ಹೊಸಕೋಟೆ ಹಿಡಿದು, ಮೂಡಣದಿಂದಲೇ ಬೆಂಗಳೂರಿನ ಮೇಲೆ ಬಿದ್ದ. ಮಾರ್ಚಿನಲ್ಲಿ ಕೋಟೆ ಅವನ ಕೈಸೇರಿತು. ಅಂಥ ಸೈನ್ಯದ ಮುಂದೆ ಬಂದೂಕಿನವರಿಗಿಂತ ಮೊದಲು ನಡೆಯಬೇಕಾದವರು ಪಿಕಾಸಿ, ಸಲಿಕೆ, ಹಾರೆ ಹಿಡಿದವರು. ಗಿಡಗಂಟಿ ಕಡಿದು ದಾರಿ ಮಾಡುವುದು, ಹಳ್ಳ ತುಂಬುವುದು, ಕೋಟೆಗೆ ಏಣಿ ಇಡುವುದು ಅವರ ಕೆಲಸ. ಅವರ ಹೆಸರೇ ಪಯೊನೀರ್ ದಳ. 1780ರಲ್ಲಿ ಮದ್ರಾಸಿನಲ್ಲಿ ಎರಡು ಕಂಪನಿ ಕಟ್ಟಿ ಶುರುಮಾಡಿದ್ದು. ಇವರ ಮಾತು ಹಲಸೂರಿನಲ್ಲಿ ಮತ್ತೆ ಬರುತ್ತದೆ.

ಕೆ.ಆರ್. ಪುರದಲ್ಲಿ ಇಳಿದಾಗ ಫೋನು ಒಂಬೈನೂರರ ಹತ್ತಿರ ತೋರಿಸುತ್ತಿತ್ತು. “ಜೋಲಾರಪೇಟೆಯಿಂದ ಐನೂರು ಮೀಟರ್ ಬಂದಿದೀವಿ ಮಾಮ,” ಎಂದು ಒಪ್ಪಿಕೊಂಡಳು. ಆದರೆ ಪ್ಲಾಟ್‌ಫಾರಂ ದಾಟಿ ಹೊರಗೆ ಬಂದ ಕೂಡಲೇ ಬೆಟ್ಟದೂರಿನ ನಂಬಿಕೆಯೆಲ್ಲ ಹೊಗೆಯಾಯಿತು. ನೆತ್ತಿಯ ಮೇಲೆ ಮೆಟ್ರೋ ಕಂಬ, ಅದರ ಪಕ್ಕ ಎಲ್ಲರೂ ತೂಗುಸೇತುವೆ ಎನ್ನುವ 2003ರ ಕೇಬಲ್ ಸೇತುವೆ, ಅದರ ಕೆಳಗೆ ಹಾರ್ನಿನ ಸಂತೆ. ಬೈಯಪ್ಪನಹಳ್ಳಿ, ಕೆ.ಆರ್. ಪುರಗಳ ನಡುವಿನ ಮೆಟ್ರೋ ತುಂಡು 2023ರ ಅಕ್ಟೋಬರಿನಲ್ಲಿ ತೆರೆದ ಮೇಲೆ ಇಲ್ಲಿಂದ ಹಲಸೂರಿಗೆ ಸುಲಭ. ಅದಕ್ಕೂ ಮುಂಚೆ ಈ ಸೇತುವೆಯ ಬುಡದಲ್ಲಿ ಬಸ್ಸಿಗೆ ಕಾದವರು ಹೇಳುವ ಕತೆಗಳು ಯಾವ ಘಟ್ಟದ ದಾರಿಯ ಕತೆಗೂ ಕಮ್ಮಿಯಿಲ್ಲ.

ಈ ಭಾಗದ ಹಳೆಯ ದೊಡ್ಡಮನೆ ದೂರವಾಣಿನಗರ. ಸ್ವತಂತ್ರ ಭಾರತ ಕಟ್ಟಿದ ಮೊದಲ ಸಾರ್ವಜನಿಕ ಉದ್ದಿಮೆ ಐಟಿಐ, 1948ರಲ್ಲಿ ಇಲ್ಲೇ. ಒಂದು ಕಾಲಕ್ಕೆ ದೇಶದ ಮನೆಗಳಲ್ಲಿ ಬಟ್ಟೆ ಹೊದ್ದು ಕೂರುತ್ತಿದ್ದ ಕರಿ ಫೋನುಗಳು ಈ ಊರಿನಿಂದ ಹೋದವು. ಸ್ವಲ್ಪ ದಕ್ಷಿಣಕ್ಕೆ ಎಚ್‌ಎಎಲ್. ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಶುರುಮಾಡಿದ ವಿಮಾನ ಕಾರ್ಖಾನೆ. ಇವೆರಡರ ನಡುವೆ ಸಿಕ್ಕಿಕೊಂಡಿರುವ ವಿಭೂತಿಪುರಕ್ಕೆ ನಾನು ಅವಳನ್ನು ಕರೆದುಕೊಂಡು ಹೋಗಲೇಬೇಕಿತ್ತು.

ಅಲ್ಲಿನ ಒಂದು ಶಾಸನ 1307ರದು, ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ್ದು, ತಮಿಳಿನಲ್ಲಿದೆ. ಕಾಡು ಕಡಿದು, ನೆಲ ಸಮ ಮಾಡಿ, ಮಣ್ಣು ಮರಳು ತೆಗೆದು ಕೆರೆ ಕಟ್ಟಿಸಿ, ಒಂದು ಊರು ನೆಲೆಗೊಳಿಸಿದ ಸಂಗತಿ ಅದರಲ್ಲಿದೆ. ಅರಸನ ದಿಗ್ವಿಜಯವಲ್ಲ, ವೀರನ ಮರಣವಲ್ಲ. ಇಂಥ ನೆಲ ಹೀಗಿತ್ತು, ಇದನ್ನು ಹೀಗೆ ಮಾಡಿದೆವು ಎಂಬ ಲೆಕ್ಕ. ಅವಳಿಗೆ ಅರ್ಥ ಹೇಳಿದಾಗ ಕೊಟ್ಟ ಮೊದಲ ಪ್ರತಿಕ್ರಿಯೆ: “ಇದು ಪ್ರಾಜೆಕ್ಟ್ ರಿಪೋರ್ಟ್ ಅಲ್ವಾ ಮಾಮ?” ಹೌದು, ಏಳುನೂರು ವರ್ಷ ಹಳೆಯದು. ಬೆಂಗಳೂರಿಗೆ ನದಿಯಿಲ್ಲ. ದಿಬ್ಬದ ಮೇಲಿನ ಊರಿಗೆ ನದಿ ಎಲ್ಲಿಂದ ಬರಬೇಕು? ಬಿದ್ದ ಮಳೆಯನ್ನು ಇಳಿಜಾರಿನಲ್ಲಿ ಒಡ್ಡು ಹಾಕಿ ತಡೆದು ನಿಲ್ಲಿಸಬೇಕು. ಇಲ್ಲಿ ಮೊದಲು ಬಂದು ನೆಲೆಸಿದವರೆಲ್ಲ ಮಾಡಿದ್ದು ಇದನ್ನೇ. ನಾಡು ಕಟ್ಟಿದವರ ಪಟ್ಟಿ ಮಾಡುವಾಗ ನಾವು ಕೆಂಪೇಗೌಡರಿಂದ ಶುರುಮಾಡುತ್ತೇವೆ. 1307ಕ್ಕೆ ಕೆಂಪೇಗೌಡರು ಇನ್ನೂ ಎರಡು ಶತಮಾನ ದೂರ. ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ಬೆಂಗಳೂರು ಸುತ್ತಿನ ಶಾಸನಗಳನ್ನೆಲ್ಲ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದರಿಂದ, ಕಲ್ಲು ಹೋದರೂ ಅಕ್ಷರವಾದರೂ ಉಳಿದೀತು. ಕಲ್ಲು ಹೋಗುವುದು ಇಲ್ಲಿ ದಿನನಿತ್ಯದ ವ್ಯವಹಾರ.

ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದದ್ದು ಮರುದಿನ. 2001ರಲ್ಲಿ ತೆರೆದದ್ದು, ಮಕ್ಕಳನ್ನು ಕರೆದುಕೊಂಡು ಬರುವವರೇ ಹೆಚ್ಚು. ಹೊರಗೆ ಮರದ ನೆರಳಿನಲ್ಲಿ ವಿಮಾನಗಳು ನಿಂತಿವೆ. 1951ರಲ್ಲಿ ಮೊದಲು ಹಾರಿದ, ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ ಇಲ್ಲಿ ಹುಟ್ಟಿದ್ದು. ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್ ಮುಂದಾಳುತನದಲ್ಲಿ ತಯಾರಾಗಿ 1961ರಲ್ಲಿ ಹಾರಿದ ಮಾರುತ್ ಯುದ್ಧವಿಮಾನವೂ ಇಲ್ಲಿಯದೇ. ಮಾರುತ್ ಕಣ್ಣಿಗೆ ಬಹಳ ಚೆಂದ. ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೆಗೂ ದೊರೆಯಲಿಲ್ಲವೆಂಬ ಕೊರಗು ವಿಮಾನ ಬಲ್ಲವರ ಬಾಯಲ್ಲಿ ಇಂದಿಗೂ ಇದೆ. ಇದನ್ನು ನೋಡಲು ಒಂದು ಬೆಳಿಗ್ಗೆ ಸಾಕು. ಬೆಂಗಳೂರಿನ ‘ಆಕರ್ಷಣೆ’ಗಳಲ್ಲಿ ಟಿಕೆಟ್ ಕೊಟ್ಟದ್ದು ಸಾರ್ಥಕ ಎನಿಸುವಂಥವು ಕೆಲವೇ, ನನ್ನ ಪಟ್ಟಿಯಲ್ಲಿ ಇದೊಂದು.

ಹಲಸೂರಿನಲ್ಲಿ ಮೆಟ್ರೋ ಇಳಿದು ಮೊದಲು ಸೋಮೇಶ್ವರನ ಗುಡಿಗೆ. ಬಜಾರು ಬೀದಿಯಲ್ಲಿ ಹೂವು, ಅರಿಶಿನ, ಪಾತ್ರೆ ಅಂಗಡಿಗಳ ನಡುವೆ ಗೋಪುರ ಏಳುತ್ತದೆ. ಒಳಗೆ ವಿಜಯನಗರದ ಕೈಚಳಕದ ಕಂಬಗಳು; ಗುಡಿಯ ಮೂಲ ಅದಕ್ಕೂ ಹಳೆಯದೆಂದು ಹೇಳುವವರಿದ್ದಾರೆ. ಕೆಂಪೇಗೌಡರ ಕನಸಿನಲ್ಲಿ ದೇವರು ಬಂದ ಕತೆಯನ್ನು ಅರ್ಚಕರು ಹೇಳುತ್ತಾರೆ. ಬೇಸಿಗೆಯಲ್ಲಿ ಇಲ್ಲಿ ನಡೆಯುವ ಹೂವಿನ ಪಲ್ಲಕ್ಕಿ ಉತ್ಸವವನ್ನು ನೋಡದೆ ಹಲಸೂರನ್ನು ಕಂಡೆ ಎನ್ನಬಾರದು. ಸುತ್ತಲಿನ ಗುಡಿಗಳ ಪಲ್ಲಕ್ಕಿಗಳೆಲ್ಲ ರಾತ್ರಿಯಿಡೀ ಬೀದಿ ತುಂಬುತ್ತವೆ. ಬೆಳಗಾದರೆ ರಸ್ತೆಯೇ ಮಲ್ಲಿಗೆ.

ಗುಡಿಯ ಹೊರಗೆ ಹೂ ಕಟ್ಟುತ್ತಿದ್ದ ಹೆಂಗಸು ನನ್ನ ಅಕ್ಕನ ಮಗಳ ಮಾತಿನ ಧಾಟಿ ಕೇಳಿ ತಕ್ಷಣ ತಮಿಳಿಗೆ ಹೊರಳಿದರು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ. ಮಧ್ಯೆ ಬಂದ ಗಿರಾಕಿಯೊಬ್ಬರ ಜೊತೆ ದಖನಿ ಉರ್ದುವಿನಲ್ಲಿ ಚೌಕಾಸಿ. “ಎಷ್ಟು ಭಾಷೆ ಬರುತ್ತಕ್ಕಾ ನಿಮಗೆ?” ಎಂದರೆ “ಭಾಷೆ ಎಲ್ಲಿ ಬರುತ್ತೆ ಸಾಮಿ, ವ್ಯಾಪಾರ ಬರುತ್ತೆ” ಎಂದು ಒಂದು ಮೊಳ ಹೆಚ್ಚಿಗೆ ಹೂ ಸುತ್ತಿಕೊಟ್ಟರು.

ಕೆರೆಯ ದಂಡೆಗೆ ಬಂದೆವು. ಈ ಕೆರೆಯ ಕೋಡಿ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಬೆಂಗಳೂರಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಸೇರಿ, ಹೊಸೂರು, ಕೃಷ್ಣಗಿರಿ ದಾಟಿ ತಮಿಳುನಾಡಿನ ಉದ್ದಕ್ಕೂ ಹರಿದು ಕಡಲೂರಿನ ಬಳಿ ಸಮುದ್ರ ಕಾಣುತ್ತದೆ. ಬಸವನಗುಡಿಯ ಬುಲ್ ಟೆಂಪಲ್ ಬಳಿ ಬಿದ್ದ ಹನಿಯಾದರೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿ. ಬೆಂಗಳೂರು ಕೂತಿರುವುದು ಇವೆರಡನ್ನೂ ಬೇರ್ಪಡಿಸುವ ದಿಣ್ಣೆಯ ಬೆನ್ನಿನ ಮೇಲೆ. ಇನ್ನು ಕುಡಿಯುವ ನೀರು? ಅದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಪಂಪಾಗಿ, ಸುಮಾರು 500 ಮೀಟರ್ ಮೇಲೇರಿ ಬರಬೇಕು. 1974ರಲ್ಲಿ ಮೊದಲ ಹಂತ ಬಂದಾಗಿನಿಂದ ಹಗಲೂ ರಾತ್ರಿ ಈ ಏರಾಟ ನಿಂತಿಲ್ಲ. ಜೋಲಾರಪೇಟೆಯಿಂದ ನಾವು ಏರಿದಷ್ಟೇ ಎತ್ತರ! ಇದನ್ನು ಕೇಳಿದ ಮೇಲೆ ಅವಳು ಬೆಟ್ಟ ಎಲ್ಲಿ ಎಂದು ಕೇಳುವುದನ್ನು ಬಿಟ್ಟಳು. “ಕರೆಂಟ್ ಬಿಲ್ ಯಾರ್ ಕಟ್ತಾರೆ?” ಎಂದಳು. ಎಂಜಿನಿಯರ್ ಕೇಳಬೇಕಾದ ಪ್ರಶ್ನೆ.

ಕೆರೆಯ ಅಂಚಿಗೆ ಹತ್ತಿಕೊಂಡೇ ಸೇನೆಯ ಬೇಲಿ. ಕೆಂಪೇಗೌಡರ ನಾಲ್ಕು ಗಡಿಗೋಪುರಗಳಲ್ಲಿ ಹಲಸೂರಿನದು ಆ ಕಡೆಗೇ ಸೇರಿಹೋಗಿದೆ. ಬೇಲಿಯ ಒಳಗಿರುವುದು ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಅದೇ ಪಯೊನೀರ್ ದಳದ ವಂಶ. 1831ರಲ್ಲಿ ಅವರಿಗೆ ಮದ್ರಾಸ್ ಸ್ಯಾಪರ್ಸ್ ಎಂಡ್ ಮೈನರ್ಸ್ ಎಂಬ ಹೆಸರಾಯಿತು. ಅದೇ ಸುಮಾರಿಗೆ ನೀಲಗಿರಿಗೆ ಕೂನೂರಿನ ಕಡೆಯಿಂದ ಘಟ್ಟದ ದಾರಿ ಕಡಿದದ್ದು ಪಯೊನೀರ್ ದಳದವರೇ. ಊಟಿಗೆ ಬಂಡಿ ಹತ್ತುವಂತೆ ಮಾಡಿದ ಆ ಕೈಗಳು 1834ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದವು. ಊಟಿ ಬೇಡ ಎಂದು ಬಂದವಳಿಗೆ ಕೊನೆಗೂ ಊಟಿಯ ದಾರಿ ಮಾಡಿದವರ ಮನೆಯೇ ಸಿಕ್ಕಿತು.

ರಸ್ತೆ ಬದಿಯ ಚಹದಂಗಡಿಯಲ್ಲಿ ಸಿಕ್ಕ ಹಿರಿಯರು ಆ ದಳದಿಂದ ನಿವೃತ್ತರಾದವರು. ಬೆನ್ನು ಈಗಲೂ ನೆಟ್ಟಗೆ. ಧರ್ಮಪುರಿ ಕಡೆಯವರು, ಆದರೆ ಮನೆ, ಮಕ್ಕಳು, ಮೊಮ್ಮಕ್ಕಳು ಎಲ್ಲ ಇಲ್ಲೇ.

“ನಮ್ಮನ್ನ ಏನಂತ ಕರೀತಾರೆ ಗೊತ್ತಾಮ್ಮ? ತಂಬಿ. ಇಡೀ ಮಿಲಿಟರೀಲಿ ತಂಬಿ ಅಂದ್ರೆ ನಾವೇ.”

“ಯುದ್ಧದಲ್ಲಿ ನಿಮ್ಮ ಕೆಲಸ ಏನು ತಾತ?”

“ಯುದ್ಧಕ್ಕೆ ಎಲ್ಲರೂ ಹೋಗ್ತಾರಮ್ಮ. ಅವರು ಹೋಗಕ್ಕೆ ಸೇತುವೆ ಬೇಕಲ್ಲ? ಅದು ನಾವು. ಅವರು ವಾಪಸ್ ಬರೋವಾಗ ಸೇತುವೆ ಒಡೀಬೇಕಲ್ಲ? ಅದೂ ನಾವೇ.”

1912ರಲ್ಲಿ ಇದೇ ದಳದ ಕ್ಯಾಪ್ಟನ್ ಮ್ಯಾಕ್‌ಕ್ಲಿಂಟಾಕ್ ಇಲ್ಲಿ ಒಂದು ಉಪಾಯ ಹೂಡಿದ. ಉದ್ದನೆಯ ಕೊಳವೆಯೊಳಗೆ ಸಿಡಿಮದ್ದು ತುಂಬಿ, ಮುಳ್ಳುತಂತಿಯ ಬೇಲಿಯ ಅಡಿಗೆ ತಳ್ಳಿ ಸಿಡಿಸಿದರೆ ಸೈನಿಕರು ನುಗ್ಗಲು ದಾರಿಯಾಗುತ್ತದೆ. ಅದಕ್ಕೆ ಲೋಕವೆಲ್ಲ ಬ್ಯಾಂಗಲೋರ್ ಟಾರ್ಪಿಡೋ ಎನ್ನುತ್ತದೆ. 1944ರ ಜೂನ್ 6ರಂದು ನಾರ್ಮಂಡಿಯ ಮರಳದಂಡೆಯಲ್ಲಿ ಅಮೆರಿಕದ ಸೈನಿಕರು ಬಳಸಿದ್ದು ಅದನ್ನೇ. ‘ಸೇವಿಂಗ್ ಪ್ರೈವೇಟ್ ರಯನ್’ ನೋಡಿದವರು ಆ ಗದ್ದಲದ ನಡುವೆ ನಮ್ಮ ಊರಿನ ಹೆಸರು ಕೇಳಿಸಿ ಬೆಚ್ಚಿರಬಹುದು. ಸಾಫ್ಟ್‌ವೇರಿಗೂ ಬಹಳ ಮುಂಚೆ ಜಗತ್ತಿಗೆ ಹೋದ ಈ ಊರಿನ ಸರಕು ಅದು. ಅದೇ 1944ರ ಫೆಬ್ರವರಿಯಲ್ಲಿ ಇಟಲಿಯ ಮಿಞ್ಞಾನೊ ಬಳಿ ನೆಲಬಾಂಬು ತೆಗೆಯುತ್ತಿದ್ದಾಗ ಒಂದು ಸಿಡಿಯುವುದರಲ್ಲಿತ್ತು. ಈ ದಳದ ಸುಬೇದಾರ್ ಸುಬ್ರಮಣ್ಯನ್ ಅದರ ಮೇಲೆ ಬಿದ್ದು ಜೊತೆಗಿದ್ದವರನ್ನು ಉಳಿಸಿದರು. ಮರಣಾನಂತರ ಜಾರ್ಜ್ ಕ್ರಾಸ್ ಬಂತು. ಹಿರಿಯರು ಈ ಹೆಸರು ಹೇಳುವಾಗ ಲೋಟ ಕೆಳಗಿಟ್ಟರು.

ದಂಡಿನ ಕತೆಯನ್ನು ನಾವು ಸಾಮಾನ್ಯವಾಗಿ ಬಂಗಲೆ, ಕ್ಲಬ್ಬು, ಆ ಕ್ಲಬ್ಬಿಗೆ ಚರ್ಚಿಲ್ ತೀರಿಸದೆ ಹೋದ ಬಾಕಿ ಇವುಗಳಿಂದ ಹೇಳುತ್ತೇವೆ. ಚರ್ಚಿಲ್ಲನ ಬಾಕಿಯನ್ನು ಎಲ್ಲರೂ ಹೇಳಿ ಮುಗಿಸಿರುವುದರಿಂದ ನಾನು ಬಿಡುತ್ತೇನೆ. ಶ್ರೀರಂಗಪಟ್ಟಣದ ಜ್ವರದಿಂದ ಬಸವಳಿದ ಬ್ರಿಟಿಷ್ ಸೈನ್ಯ 1809ರಲ್ಲಿ ಈ ತಂಪಿಗೆ ಬಂದಿತು, ಪಟಾಲಮ್ಮಿನ ಹಿಂದೆ ಅದಕ್ಕೆ ಬೇಕಾದವರೆಲ್ಲ ಬಂದರು: ಅಡುಗೆಯವರು, ಅಗಸರು, ಹುಲ್ಲು ಹೊರುವವರು, ದುಭಾಷಿಗಳು, ಕಂತ್ರಾಟುದಾರರು. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಬಡತನದಿಂದ ಎದ್ದು ಬಂದ ಅಂಥವರಲ್ಲೊಬ್ಬರು. ಅಠಾರಾ ಕಚೇರಿ ಕಟ್ಟಿದ ಕಂತ್ರಾಟು ಅವರದು. 1873ರಲ್ಲಿ ಬಡಮಕ್ಕಳಿಗೆಂದು ಅವರು ತೆರೆದ ಶಾಲೆ ಬೆಳೆದು ಇಂದು ಕೆರೆಯ ಪಕ್ಕದಲ್ಲಿ ಆರ್‌ಬಿಎಎನ್‌ಎಂಎಸ್ ವಿದ್ಯಾಸಂಸ್ಥೆಗಳಾಗಿ ನಿಂತಿದೆ. ಅವಳು ಹೆಸರುಹಲಗೆಯ ಅಷ್ಟೂ ಅಕ್ಷರಗಳನ್ನು ಕೂಡಿಸಿ ಓದಲು ನೋಡಿ ಕೈಬಿಟ್ಟಳು.

ಶಿವಾಜಿನಗರಕ್ಕೆ ಹೋದದ್ದು ಆಟೋದಲ್ಲಿ. ರಸೆಲ್ ಮಾರ್ಕೆಟ್ಟಿನ ಮುಂದೆ ಚೌಕದಲ್ಲಿ ಹಣ್ಣಿನ ಗಾಡಿಗಳು, ಒಳಗೆ ಹೂವು, ತರಕಾರಿ, ಹಿಂಭಾಗದಲ್ಲಿ ಮೀನು, ಮಾಂಸ. 1927ರ ಕಟ್ಟಡ. 2012ರ ಬೆಂಕಿಯಲ್ಲಿ ಎಷ್ಟೋ ಮಳಿಗೆ ಹೋದ ಮೇಲೂ ವ್ಯಾಪಾರಿಗಳು ಜಾಗ ಬಿಡಲಿಲ್ಲ. ಕೂಗಳತೆಯಲ್ಲಿ ಸಂತ ಮೇರಿ ಬೆಸಿಲಿಕ. ಇಲ್ಲಿ ಮೊದಲ ಪುಟ್ಟ ಗುಡಿ ಕಟ್ಟಿದ್ದು ಅಬ್ಬೆ ದುಬುವಾ, 1818ರಲ್ಲಿ; ಈಗಿನ ಗೋಥಿಕ್ ಕಟ್ಟಡ 1882ರದು. ಸೆಪ್ಟೆಂಬರ್ 8ರ ತೇರಿಗೆ ಕಾವಿ ಬಟ್ಟೆ ಉಟ್ಟು ಬರಿಗಾಲಲ್ಲಿ ನಡೆದು ಬರುವವರನ್ನು ನೋಡಿದರೆ ಯಾವ ಧರ್ಮದ ಜಾತ್ರೆ ಎಂದು ಕೇಳುವ ಮನಸ್ಸಾಗುವುದಿಲ್ಲ. ಸೀರೆ ಉಟ್ಟ ಮಾತೆಗೆ ಮೇಣದಬತ್ತಿಯೂ ಸಲ್ಲುತ್ತದೆ, ಮಲ್ಲಿಗೆಯೂ ಸಲ್ಲುತ್ತದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅವಳು ಎರಡು ಗಂಟೆ ಕಳೆದಳು. ಅದರ ವಿವರ ನನ್ನ ಹತ್ತಿರ ಇಲ್ಲ. ನಾನು ಹೊರಗೆ ಒಂದು ಮೆಟ್ಟಿಲು ಹುಡುಕಿ ಕೂತಿದ್ದೆ.

ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಯನ್ನು ಸೇರುವ ಕಡೆ ಒಂದು ಕಲ್ಲಿನ ಸ್ಮಾರಕಸ್ತಂಭ ಇದೆ. ಸುತ್ತ ಸಿಗ್ನಲ್ಲು, ಬಟ್ಟೆ ಅಂಗಡಿ, ಶೂ ಅಂಗಡಿ. ಪಯೊನೀರ್ ದಳಗಳಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ್ದು. ಸ್ಯಾಪರ್ಸ್ ಬೇರೆಯಾದ ಮೇಲೂ ಪಯೊನೀರ್ ಹೆಸರಿನ ಪಲ್ಟಣಗಳು ಇದ್ದವು. ಮೊದಲ ಮಹಾಯುದ್ಧದಲ್ಲಿ ಅವು ಪೂರ್ವ ಆಫ್ರಿಕ, ಮೆಸೊಪೊಟೇಮಿಯಗಳವರೆಗೆ ಹೋಗಿ ರಸ್ತೆ, ಕಂದಕ ತೋಡಿದವು. 1933ರಲ್ಲಿ ಸರ್ಕಾರ ಆ ಪಲ್ಟಣಗಳನ್ನೇ ಮುಚ್ಚಿತು. ಉಳಿದದ್ದು ಈ ಕಲ್ಲು. ದಾರಿ ಮಾಡುವುದೇ ಕಸುಬಾಗಿದ್ದವರನ್ನು ನಾವು ದಾರಿಯ ನಡುವೆ ನಿಲ್ಲಿಸಿ ಸುತ್ತಿಕೊಂಡು ಹೋಗುತ್ತಿದ್ದೇವೆ. ಬ್ರಿಗೇಡ್ ರಸ್ತೆಗೆ ನೂರಾರು ಸಲ ಬಂದವರನ್ನು ಕೇಳಿ ನೋಡಿ, “ಹೌದು, ಏನೋ ಒಂದು ಕಂಬ ಇದೆ” ಎನ್ನುತ್ತಾರೆ.

ಅವಳು ಸಿಗ್ನಲ್ ಬೀಳುವುದನ್ನು ಕಾದು ದಾಟಿ ಹೋಗಿ, ಸುತ್ತ ತಿರುಗಿ ಓದಿ ಬಂದಳು. ದಾರಿ ಮಾಡಿದವರ ಮಾತಿನ ಜೊತೆಗೆ ನೆಲ ಅಳೆದವರ ಮಾತೂ ಬಂತು. ಬೆಂಗಳೂರಿನ ಬಳಿಯೇ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಉಕ್ಕಿನ ಸರಪಣಿ ಎಳೆದು ಏಳೂವರೆ ಮೈಲಿ ಉದ್ದದ ಗೆರೆ ಅಳೆದು, ಎರಡು ವರ್ಷದ ಬಳಿಕ ಮದ್ರಾಸಿನಿಂದ ಇಡೀ ಭಾರತದ ಅಳತೆ ಆರಂಭಿಸಿದ್ದನ್ನು ಹೇಳಿದೆ. “ಅದು ನಮಗೆ ಪಾಠದಲ್ಲಿದೆ. ಚೆನ್ನೈದು ಮಾತ್ರ ಹೇಳ್ಕೊಟ್ರು, ಬೆಂಗಳೂರು ಹೇಳಿಲ್ಲ,” ಎಂದಳು. ಅವಳ ದನಿಯಲ್ಲಿ ತನ್ನ ಊರಿನ ಬಗ್ಗೆ ತುಸು ಅನುಮಾನ ಮೊದಲ ಸಲ ಕೇಳಿಸಿತು.

ಸಂಜೆ ಇಂದಿರಾನಗರ. ಇದು ಅವಳದೇ ಆಯ್ಕೆ. 100 ಅಡಿ ರಸ್ತೆ, 12ನೇ ಮೇನು. ಎಪ್ಪತ್ತು ಎಂಬತ್ತರ ದಶಕದಲ್ಲಿ ಸೈಟು ಸಿಕ್ಕ ಎಚ್‌ಎಎಲ್, ಸೇನೆಯ ನಿವೃತ್ತರು ಮಾವು, ಹಲಸು ನೆಟ್ಟು ಮನೆ ಕಟ್ಟಿದ ಬಡಾವಣೆ. ಈಗ ಆ ಮನೆಗಳ ಅಂಗಳದಲ್ಲಿ ಕಾಫಿಯ ಯಂತ್ರಗಳು, ಹಿತ್ತಿಲಲ್ಲಿ ಬಿಯರಿನ ಹಂಡೆಗಳು. 2010ರಲ್ಲಿ ಟಾಯಿಟ್ ಶುರುವಾದ ಮೇಲೆ ಅಲ್ಲೇ ಬಿಯರು ಕಾಯಿಸಿ ಅಲ್ಲೇ ಬಡಿಸುವ ಜಾಗಗಳು ಸಾಲುಸಾಲು ಬಂದವು. ಇದರ ಬಗ್ಗೆ ಹಲುಬುವವರ ಜೊತೆ ನಾನು ಸೇರುವುದಿಲ್ಲ. ದಂಡಿನ ಸೈನಿಕರಿಗೆ ಬಿಯರು ಮಾಡಿ ಮಾರುತ್ತಿದ್ದ ಊರು ಇದು. 1915ರಲ್ಲಿ ಥಾಮಸ್ ಲೀಷ್‌ಮನ್ ಇಂಥ ಭಟ್ಟಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ತಂಪಿನ ಊರಿನ ಚಟ ತಂಪಿನ ಊರಿನಲ್ಲೇ ಮುಂದುವರಿದಿದೆ. ನನ್ನ ತಕರಾರು ಒಂದೇ: ಪಕ್ಕದ ಮನೆಯ ಮುದುಕರು ರಾತ್ರಿ ಹನ್ನೆರಡರವರೆಗೆ ಆ ಸಂಗೀತಕ್ಕೆ ಕಿವಿ ಕೊಡಬೇಕಿಲ್ಲ.

ಅಲ್ಲಿಂದ ಹಿಂದಿರುಗುವಾಗ ದಂಡು ನಿಲ್ದಾಣ ನೋಡಬೇಕು ಎಂದಳು. 1864ರ ಹಳಿ ಬಂದು ನಿಂತ ಜಾಗವಲ್ಲವೇ! ಹೋದರೆ ಪ್ಲಾಟ್‌ಫಾರಮ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ಮಾರಿಕುಪ್ಪಂ ಗಾಡಿಗೆ ಕಾದಿರುವ ಜನ. 2001ರ ಫೆಬ್ರವರಿಯಲ್ಲಿ ಕೋಲಾರ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಮನೆಮನೆಯಿಂದ ಬೆಳಗಿನ ಕತ್ತಲಲ್ಲೇ ಗಾಡಿ ಹತ್ತಿ ಬೆಂಗಳೂರಿಗೆ ಬಂದು, ದುಡಿದು, ರಾತ್ರಿ ಊರು ಸೇರುವವರು ಇವರು. ಆಸ್ಪತ್ರೆಯ ಆಯಾಗಳು, ಸೆಕ್ಯುರಿಟಿಯವರು, ಕಾಲ್ ಸೆಂಟರಿನ ಹುಡುಗಿಯರು, ಫಿಟ್ಟರುಗಳು. ತಾತ ಮುತ್ತಾತಂದಿರು ತಮಿಳುನಾಡಿನಿಂದ, ಆಂಧ್ರದಿಂದ ಗಣಿಗೆ ಬಂದವರು. ಮೊಮ್ಮಕ್ಕಳು ದಿನಾ ಇಲ್ಲಿಗೆ.

ಚೀಲ ತಬ್ಬಿಕೊಂಡು ನಿಂತಿದ್ದ ಒಬ್ಬಾಕೆಯನ್ನು ಇವಳು ಕೇಳಿದಳು: “ದಿನಾ ಹೋಗಿ ಬರ್ತೀರಾಕ್ಕ? ಇಲ್ಲೇ ಮನೆ ಮಾಡಬಾರ್ದಾ?”

“ಬಾಡಿಗೆ ಯಾರಮ್ಮ ಕೊಡ್ತಾರೆ? ಅಲ್ಲಿ ಗಣಿಯವರು ಕೊಟ್ಟ ಮನೆ ಇದೆ, ಚಿಕ್ಕದು. ಅಮ್ಮ ಇದಾರೆ.”

“ಬೆಳಿಗ್ಗೆ ಎಷ್ಟಕ್ಕೆ ಏಳ್ತೀರಿ?”

“ನಾಲ್ಕಕ್ಕೆ. ಚಳಿಗಾಲದಲ್ಲಿ ಇಲ್ಲಿ ಇಳಿದ್ರೆ ಕೈ ಮರಗಟ್ಟುತ್ತೆ ನೋಡು, ಊಟಿ ಥರಾ.”

ಗಾಡಿ ಬಂತು. ನಿಲ್ಲುವ ಮುಂಚೆಯೇ ಕಿಟಕಿಯಿಂದ ಕರವಸ್ತ್ರ, ಟಿಫಿನ್ ಡಬ್ಬಿ ಎಸೆದು ಸೀಟು ಹಿಡಿದರು. ಆಕೆ ಬಾಗಿಲ ಹಿಡಿ ಹಿಡಿದು ಒಳಗೆ ನುಗ್ಗುತ್ತ ತಿರುಗಿ, “ಬಂಗಾರಪೇಟೆಗಾ ನೀವು? ಬೇಗ ಹತ್ತಿ, ನಿಂತ್ಕೊಳ್ಳಕ್ಕೂ ಜಾಗ ಇರಲ್ಲ!” ಎಂದು ಕೂಗಿದರು.